ಅವಧಿ ಹೇಳದ ಹರಕೆ

೧೯೬೭ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ಇಯತ್ತೆ. ಬಡತನದಿಂದ ಬಿಟ್ಟೆ ಎಂದು ಹೇಳಿದರೆ ಕೇಳುವವರು ಲೊಚಗುಟ್ಟುತ್ತಾರೆ, ಆದರೆ ಅದು ಸುಳ್ಳು. ಅಥಣಿಯ ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಚಪ್ಪಲಿ ಹೊಲೆಯುತ್ತಿದ್ದರು, ಉಣ್ಣುವುದಕ್ಕೆ ಕೊರತೆಯಿರಲಿಲ್ಲ. ನಮ್ಮ ಗಣಿತದ ಮಾಸ್ತರರ ಚಪ್ಪಲಿಯ ಉಂಗುಟ ವಾರಕ್ಕೊಮ್ಮೆ ಕಿತ್ತುಹೋಗುತ್ತಿತ್ತು. ಸರಿಯಾಗಿ ಬೀಜಗಣಿತ ಶುರುವಾಗುವ ಹೊತ್ತಿಗೆ ನನ್ನನ್ನು ಹೊರಗೆ ಕೂಡಿಸಿ ಅದನ್ನು ಹೊಲೆಸುತ್ತಿದ್ದರು. ವರ್ಷದ ಕೊನೆಗೆ ಬೀಜಗಣಿತದಲ್ಲಿ ನನ್ನನ್ನು ನಪಾಸು ಮಾಡಿದವರೂ ಅವರೇ. ನಪಾಸೆಂದು ಓದಿ ಹೇಳಿದ ದಿನ ಅವರ ಕಾಲಲ್ಲಿದ್ದದ್ದು ನನ್ನ ಹೊಲಿಗೆಯ ಉಂಗುಟ. ಅದು ಮಾತ್ರ ಪಾಸಾಗಿತ್ತು. ಪಾಟಿಚೀಲವನ್ನು ಗೂಟಕ್ಕೆ ನೇತುಹಾಕಿ ಮುಂಬೈ ಗಾಡಿ ಹತ್ತಿದೆ.

ಅಂಧೇರಿ ಸ್ಟೇಶನ್ನಿನ ಹೊರಗೆ ಬೆಳಗಾವಿ ಕಡೆಯ ಒಬ್ಬ ಸಾಹುಕಾರರ ಚಪ್ಪಲಿ ಅಂಗಡಿ ಇತ್ತು. ಅಲ್ಲಿ ಕೆಲಸಕ್ಕೆ ನಿಂತೆ. ಕಾಂದಿವಲಿಯ ಚಾಳಿನಲ್ಲಿ ಅವರದೇ ಒಂದು ಖೋಲಿ, ಕೆಲಸ ಇರುವ ತನಕ ಇರುವುದಕ್ಕೆ ಕೊಟ್ಟಿದ್ದರು. ಎರಡೇ ವರ್ಷದಲ್ಲಿ ಗಿರಾಕಿ ಮೆಟ್ಟಿಲು ಹತ್ತುವಾಗಲೇ ಕಾಲಿನ ಅಳತೆ ಹೇಳುವಷ್ಟು ತಯಾರಾದೆ. ಮೋರೆ ಸುಳ್ಳು ಹೇಳುತ್ತದೆ, ಕಾಲು ಹೇಳುವುದಿಲ್ಲ. ದೊಡ್ಡ ಆಫೀಸರನಂತೆ ಬಂದವನ ಹಿಮ್ಮಡಿ ನೋಡಿದರೆ ಎರಡು ಮೈಲು ನಡೆದು ಬಸ್ಸಿನ ಟಿಕೀಟು ಉಳಿಸಿದ್ದಾನೆಂದು ಗೊತ್ತಾಗುತ್ತಿತ್ತು.

ನಮ್ಮ ಸಾಹುಕಾರರು ಬಹಳ ದೈವಭಕ್ತರು. ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರಬೇಕಷ್ಟೆ? ಇವರು ಹಾಗಲಕಾಯಿ ಬಿಟ್ಟು ಬಂದರು. ಹುಟ್ಟಿದಾಗಿನಿಂದ ಅದನ್ನು ನಾಲಿಗೆಗೆ ಮುಟ್ಟಿಸದ ಮನುಷ್ಯ! ಅಂಗಡಿ ಚೆನ್ನಾಗಿ ನಡೆದರೆ ಪ್ರತಿ ಆಷಾಢಕ್ಕೆ ಬರಿಗಾಲಲ್ಲಿ ಪಂಢರಪುರಕ್ಕೆ ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದರು. ಅಂಗಡಿ ನಡೆಯಿತು. ಮೊದಲ ವರ್ಷ ಸಾಹುಕಾರರೂ ನಡೆದರು. ಎರಡನೆಯ ವರ್ಷ ಬಸ್ಸಿನಲ್ಲಿ ಹೋದರು. ಬಸ್ಸಿನೊಳಗೆ ಮಾತ್ರ ಬರಿಗಾಲಲ್ಲೇ ಕೂತಿದ್ದರಂತೆ. ಮೂರನೆಯ ವರ್ಷ ಮೊಣಕಾಲು ನೋವೆಂದು ತಮ್ಮ ಬದಲು ನನ್ನನ್ನು ಕಳಿಸಿದರು. ನಡೆದವನು ನಾನು, ಗುಳ್ಳೆ ಎದ್ದದ್ದು ನನ್ನ ಅಂಗಾಲಿಗೆ, ಪುಣ್ಯ ಮಾತ್ರ ಅಂಧೇರಿಗೆ ಬಟವಾಡೆಯಾಯಿತು. ನಾನು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ನನ್ನ ಸರದಿ ಬರುತ್ತದೆಂದು ಆಗ ಗೊತ್ತಿರಲಿಲ್ಲ.

೧೯೭೨ರ ಮಳೆಗಾಲದ ಶುರುವಿನಲ್ಲಿ, ಮದುವೆಯಾಗಿ ಒಂದು ವರ್ಷವಾಗಿತ್ತು, ಕಾಂದಿವಲಿಯಲ್ಲಿ ಲೋಕಲ್ ನಿಲ್ಲುವ ಮೊದಲೇ ಇಳಿಯಲು ಹೋದೆ. ಎಲ್ಲರೂ ಹಾಗೇ ಇಳಿಯುತ್ತಿದ್ದರು. ನಿಂತ ಮೇಲೆ ಇಳಿಯುವವನು ಹೊಸಬ ಎಂದು ಲೆಕ್ಕ. ನನ್ನ ಬಲಗಾಲು ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಸಿಕ್ಕಿತು. ಆಸ್ಪತ್ರೆಯಲ್ಲಿ ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿ, ನೀಲಿಗಟ್ಟಿದ ಪಾದವನ್ನು ಪೆನ್ಸಿಲಿನಿಂದ ಮುಟ್ಟಿ, "ದೋ ದಿನ್ ದೇಖೇಂಗೆ, ನಹೀ ತೋ ಕಾಟ್ನಾ ಪಡೇಗಾ" ಎಂದರು. ಎರಡು ದಿನ ನೋಡೋಣ, ಇಲ್ಲವಾದರೆ ಕತ್ತರಿಸೋಣ. ಬಟ್ಟೆ ಅಂಗಡಿಯವನು ಮೀಟರು ಹಿಡಿದು ಹೇಳಿದ ಹಾಗೆ ಹೇಳಿ ಮುಂದಿನ ಮಂಚಕ್ಕೆ ಹೋದರು.

ಆ ಮಧ್ಯಾಹ್ನ ಕಣ್ಣು ಮುಚ್ಚಿ ಮನೆದೇವರನ್ನು ಕರೆದೆ. ಏನನ್ನು ಕೊಡುವುದು? ಹೊಲವಿಲ್ಲ, ಬೆಳ್ಳಿಯಿಲ್ಲ, ಹಾಗಲಕಾಯಿಯನ್ನು ಸಾಹುಕಾರರು ಆಗಲೇ ಕೊಟ್ಟುಬಿಟ್ಟಿದ್ದರು. ನನ್ನ ಹತ್ತಿರ ಇದ್ದದ್ದು ಅಂಗಡಿಯಿಂದ ಸಿಕ್ಕ ನಾಲ್ಕು ಜೊತೆ ಒಳ್ಳೆಯ ಚಪ್ಪಲಿ, ಅದೇ ನನ್ನ ಶೋಕಿ. "ಈ ಕಾಲು ಉಳಿಸಿಕೊಡಪ್ಪಾ, ಇನ್ನ ಮ್ಯಾಲೆ ಇದಕ್ಕ ಚಪ್ಪಲಿ ಮುಟ್ಟಸೂದಿಲ್ಲ" ಎಂದೆ. ಹೇಳಿದ ಮೇಲೆ ನಿದ್ದೆ ಬಂತು.

ಮೂರನೆಯ ದಿನ ಪಾದಕ್ಕೆ ರಕ್ತದ ಬಣ್ಣ ಬಂತು. ಡಾಕ್ಟರು ಅದು ತಮ್ಮ ಇಂಜೆಕ್ಷನ್ ಎಂದರು, ಸಾಹುಕಾರರು ಹಣೆಗೆ ಹಚ್ಚಲು ತಾವು ಕಳಿಸಿದ ಗುಡಿಯ ಅಂಗಾರ ಎಂದರು. ಯಾರ ಕಡೆಯಿಂದ ಮಾಡಿಸಿದನೋ, ದೇವರು ಮಾತ್ರ ತನ್ನ ಪಾಲಿನ ಕೆಲಸ ಮುಗಿಸಿ ಸುಮ್ಮನಾದ. ಹೋದದ್ದು ಕಿರುಬೆರಳಿನ ಒಂದು ಉಗುರು ಅಷ್ಟೆ.

ಹೆಂಡತಿಗೆ ಹರಕೆಯ ಸಂಗತಿ ಹೇಳಿದಾಗ ಅವಳ ಬಾಯಿಂದ ಮೊದಲು ಬಂದ ಮಾತು:

"ಎಷ್ಟ ದಿವಸಾ ಅಂತ ಹೇಳೀರಿ?"

"ಹೇಳಿಲ್ಲ."

"ಹೇಳಿಲ್ಲಾ? ಒಂಬತ್ತ ವಾರಾ, ಒಂದ ವರ್ಷಾ, ಏನೂ?"

"ಏನೂ ಹೇಳಿಲ್ಲ ಅಂದ್ನೆಲ್ಲಾ."

"ಅಯ್ಯ ಶಿವನ! ಐದ ಶುಕ್ರವಾರ ಒಪ್ಪತ್ತ ಮಾಡ್ತೀನಿ ಅಂತ ನಮ್ಮ ಓಣಿ ಹೆಣ್ಣಮಕ್ಕಳೂ ಅವಧಿ ಹೇಳೇ ಹರಕಿ ಹೊರ್ತಾರ. ನೀವು ಎಂಟನೇತ್ತಾ ತನಕಾ ಕಲ್ತು ಏನ ಮಾಡಿದ್ರಿ?"

ನಮ್ಮ ಕಡೆ ಹರಕೆ ಎಂದರೆ ಅವಧಿ ಇರುವಂಥದು. ಮಕ್ಕಳಿಗೂ ಗೊತ್ತಿರುವ ಸಂಗತಿ. ನಾನೊಬ್ಬನೇ ಬಾಗಿಲು ತೆರೆದು ಬೀಗವನ್ನು ದೇವರ ಕೈಯಲ್ಲಿಟ್ಟು ಬಂದಿದ್ದೆ.

ಮಳೆ ಹಿಂದಾದ ಮೇಲೆ ಅಂಗಡಿಗೆ ಹೋದೆ, ಬರಿಗಾಲಲ್ಲಿ. ಸಾಹುಕಾರರು ಹಣದ ಗಲ್ಲೆಯ ಮೇಲಿಂದ ಬಗ್ಗಿ ನನ್ನ ಪಾದ ನೋಡಿದರು.

"ಏನಲೇ ಇದು?"

"ಹರಕಿ ಐತ್ರಿ."

"ಹರಕಿ ಮನ್ಯಾಗ ಇಟಗೋ. ಚಪ್ಪಲಿ ಅಂಗಡ್ಯಾಗ ಬರಿಗಾಲಿನ ಸೇಲ್ಸಮನ್! ನಾಳೆ ಗಿರಾಕಿ ಕೇಳ್ತಾರ, ನಿಮ್ಮ ಮಾಲು ನಿಮ್ಮ ಮಂದಿಗೇ ಸೇರಂಗಿಲ್ಲೇನ ಅಂತ."

ಆಮೇಲೆ ಅವರೇ ಮೃದುವಾಗಿ ದಾರಿ ತೋರಿಸಿದರು. ಅಂಗಡಿ ಪೂಜೆಗೆ ಬರುವ ಆಚಾರ್ಯರನ್ನು ಕೇಳಿದರೆ, ಬೆಳ್ಳಿಯ ಪಾದ ಮಾಡಿಸಿ ಒಪ್ಪಿಸಿದರೆ ಹರಕೆ ತೀರುತ್ತದೆ ಎಂದರಂತೆ. ಚಾಳಿನವರು ಇನ್ನೂ ಹಗುರವಾದ ದಾರಿ ಹೇಳಿದರು. ಹರಕೆ ಹೊತ್ತದ್ದು ಬಲಗಾಲಿಗೆ, ಎಡಗಾಲಿಗೆ ಹಾಕಿಕೋ. ದೇವರಿಗೆ ರಬ್ಬರು ಗೊತ್ತಿಲ್ಲ, ಹವಾಯಿ ಹಾಕಿಕೋ. ದೇವರ ವಿರುದ್ಧ ಇಷ್ಟು ಜನ ವಕೀಲರು ಒಂದೇ ಚಾಳಿನಲ್ಲಿ ಸಿಗುತ್ತಾರೆಂದು ನಾನು ಎಣಿಸಿರಲಿಲ್ಲ. ಸಾಹುಕಾರರ ಕೊನೆಯ ಮಾತು ಮಾತ್ರ ನೇರವಾಗಿತ್ತು: "ದೀಪಾವಳಿ ಸೀಜನ್ನಿನಾಗ ಚಪ್ಪಲಿ ಹಾಕ್ಕೊಂಡ ನಿಂದರಬೇಕು. ಇಲ್ಲಾ, ಖೋಲಿ ಖಾಲಿ ಮಾಡು."

ಕೆಲಸ, ಖೋಲಿ ಎರಡೂ ಒಂದೇ ಉಂಗುಟದಲ್ಲಿ ಪೋಣಿಸಿದಂತಿದ್ದವು. ಒಂದು ಹೋದರೆ ಇನ್ನೊಂದೂ ಹೋಗುತ್ತಿತ್ತು.

ದೀಪಾವಳಿಗೆ ಒಂದು ವಾರವಿರುವಾಗ, ಒಂದು ಬೆಳಿಗ್ಗೆ ನಾನೇ ಅಂಗಡಿ ತೆರೆದೆ. ಯಾರೂ ಇರಲಿಲ್ಲ. ಹೊಸದಾಗಿ ಬಂದ ಅಥಣಿ ಮಾಲಿನಲ್ಲಿ ನನ್ನ ಅಳತೆಯ ಒಂದು ಜೊತೆ ಇತ್ತು. ತಳ ನೋಡಿದರೆ ನಮ್ಮ ಓಣಿಯ ಕೈಯೇ ಎಂದು ಗೊತ್ತಾಗುತ್ತಿತ್ತು. ಹಾಕಿಕೊಂಡೆ. ಸುಳ್ಳೇಕೆ ಬರೆಯಲಿ, ಹಾಕಿಕೊಂಡೆ. ಗಿರಾಕಿಗಳು ಕಾಲು ನೋಡಿಕೊಳ್ಳುವ ಕನ್ನಡಿಯ ತನಕ ಹನ್ನೆರಡು ಹೆಜ್ಜೆ ನಡೆದೆ. ತೊಗಲು ಜುಂಯ್ ಅಂದಿತು. ಕನ್ನಡಿಯಲ್ಲಿ ಗಾಯದ ಗುರುತು ಪಟ್ಟಿಯ ಕೆಳಗೆ ಮುಚ್ಚಿಹೋಗಿ, ಏನೂ ಆಗದ ಯಾರದೋ ಕಾಲು ಕಂಡಿತು.

ಸಿಡಿಲು ಬೀಳುತ್ತದೆಂದು ಕಾದೆ. ಕನಿಷ್ಠ ಕಾಲು ಸೆಳೆಯಬೇಕಿತ್ತು. ಏನೂ ಆಗಲಿಲ್ಲ. ಕಾಲು ಬೆಚ್ಚಗೆ, ಗಟ್ಟಿಯಾಗಿ ನಿಂತಿತ್ತು. ನಾನು ಮಾತು ಮುರಿದ ಮೇಲೂ ದೇವರು ಕಾಲನ್ನು ವಾಪಸು ಕೇಳಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು, ನಾನೂ ನಾಲ್ಕು ವಕೀಲರನ್ನು ಹಿಡಿಯಬಹುದಿತ್ತು. ಕೊಟ್ಟದ್ದನ್ನು ಕೊಟ್ಟೇಬಿಟ್ಟವನ ಎದುರಿಗೆ ಏನು ವಾದ ಮಾಡುವುದು? ನಾಚಿಕೆಯಾಯಿತು. ಚಪ್ಪಲಿ ಬಿಚ್ಚಿ, ತಳ ಒರೆಸಿ, ಡಬ್ಬಿಗೆ ಹಾಕಿಟ್ಟೆ. ಅಲ್ಲಿಯ ತನಕ ಹೆದರಿ ಬರಿಗಾಲಲ್ಲಿದ್ದೆ. ಆಮೇಲೆ ಹೆದರಿಕೆ ಇರಲಿಲ್ಲ.

ಸೀಜನ್ನಿನ ಮೊದಲ ದಿನ ಗಿರಾಕಿಗಳ ನಡುವೆಯೇ ಸಾಹುಕಾರರು ಕೂಗಿದರು: "ಇನ್ನೂ ಹಂಗ ಬಂದೀಯಲ್ಲಲೇ! ನಾಚಿಕಿ ಇಲ್ಲೇನು ನಿನಗ?"

"ಸಾಹುಕಾರ್ರ, ಪಂಢರಪುರಕ್ಕ ನಿಮ್ಮ ಬದ್ಲಿ ಹೋದಾಗೂ ಇದ ಬರಿಗಾಲ ಇತ್ತರೀ. ಅವತ್ತ ನಿಮಗ ನಡೀತು."

ಚಪ್ಪಲಿ ಕಟ್ಟಿಸಿಕೊಳ್ಳುತ್ತಿದ್ದ ಗುಜರಾತಿ ಹೆಂಗಸಿಗೆ ಕನ್ನಡ ಬಾರದಿದ್ದರೂ ನಕ್ಕುಬಿಟ್ಟಳು. ಸಾಹುಕಾರರ ಮುಖ ಹಾಗಿತ್ತು. ಸಂಜೆಯೊಳಗೆ ಕೆಲಸ ಹೋಯಿತು, ವಾರದೊಳಗೆ ಖೋಲಿ ಹೋಯಿತು.

ಗೋರೆಗಾಂವಿನಲ್ಲಿ ಪತ್ರಾಸಿನ ತಗಡು ಹೊದಿಸಿದ ಒಂದು ಖೋಲಿ ಹಿಡಿದೆವು. ಸ್ಟೇಶನ್ನಿನ ಗೋಡೆಗೆ ಬೆನ್ನು ಕೊಟ್ಟು, ಅಪ್ಪನ ಉಳಿ, ತೊಗಲು ಕೊಯ್ಯುವ ರಂಪಿಗೆ ತರಿಸಿಕೊಂಡು ಹೊಲೆಯಲು ಕೂತೆ. ಮಳೆಗಾಲದ ಮುಂಬೈಯಲ್ಲಿ ಬರಿಗಾಲಲ್ಲಿ ನಡೆಯುವುದು ಭಕ್ತಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೆಸರು, ಒಡೆದ ಬಾಟಲಿ, ಇನ್ನೂ ಏನೇನೋ. ನಾನು ಸಂತನೂ ಆಗಲಿಲ್ಲ. ತಂಬಾಕು ಬಿಡುತ್ತೇನೆಂದು ಮೂರು ಸಲ ಆಣೆ ಮಾಡಿ, ಒಂದು ಸಲವೂ ನಾಲ್ಕನೆಯ ದಿನ ದಾಟಲಿಲ್ಲ. ಮದುವೆಯಾದ ವಾರ ಜುಹೂ ಸಮುದ್ರ ತೋರಿಸುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಅಂಧೇರಿಯಿಂದ ಒಂದೇ ಬಸ್ಸು, ಅದೂ ಆಗಿರಲಿಲ್ಲ. ವರ್ಷ ಕಳೆದ ಹಾಗೆ ಅವಳ ನಾಲಿಗೆ ಹರಿತವಾಯಿತು: "ದೇವರಿಗೆ ಕೊಟ್ಟ ಮಾತ ಊರಿಗೆಲ್ಲಾ ಕಾಣ್ತೈತಿ, ಅದಕ್ಕ ನಡಸ್ತೀರಿ. ನನಗ ಕೊಟ್ಟಿದ್ದು ಯಾರಿಗೆ ಕಾಣಬೇಕು?"

ಇದು ಚುಚ್ಚಿತು, ಯಾಕೆಂದರೆ ನಿಜವಾಗಿತ್ತು. ನನ್ನ ಬರಿಗಾಲನ್ನು ನಾಲ್ಕು ಜನ ನೋಡಲಿ ಎಂದು ಗುಡಿಯ ಬಾಗಿಲಲ್ಲಿ ನಿಧಾನಕ್ಕೆ ನಡೆಯುವ ಚಟ ನನಗೆ ಹತ್ತಿತ್ತು.

೧೯೭೯ರಲ್ಲಿ ಗೋರೆಗಾಂವಿನಲ್ಲಿ ಕಪಾಟಿನಷ್ಟು ಅಗಲದ ಸ್ವಂತ ಅಂಗಡಿ ತೆರೆದೆ. ತಿಂಗಳೊಳಗೆ ಸಾಹುಕಾರರು ಬಂದರು. ಪಾದ ಬಾತಿತ್ತು, ಯಾರ ಮಾಲೂ ಹಿಡಿಸುತ್ತಿರಲಿಲ್ಲ. ನಾನು ಕಾಗದ ಹಾಸಿ ಅಳತೆ ತೆಗೆದೆ.

"ಇನ್ನೂ ಹಾಕಿಲ್ಲೇನಲೇ?"

"ಇಲ್ಲರೀ."

"ನಾನೂ ಈ ಸಲ ಪಂಢರಪುರಕ್ಕ ಹೊಂಟೀನಪಾ."

"ನಡಕೋತ?"

"ಟ್ಯಾಕ್ಸಿ ಮಾಡೀನಿ."

ಇಬ್ಬರೂ ನಕ್ಕೆವು. ಅವರಿಗೆ ಮೆತ್ತಗಿನ ಜೊತೆ ಹೊಲಿದುಕೊಟ್ಟೆ. ಮರುದಿನ ಅಂಗಡಿಗೆ ಬೀಗ ಹಾಕಿ ಹೆಂಡತಿಯನ್ನು ಜುಹೂಗೆ ಕರೆದೊಯ್ದೆ. ಎಂಟು ವರ್ಷ ತಡ. ಅವಳು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನೀರಿಗೆ ಇಳಿದಳು, ಸುತ್ತ ನೋಡಿದಳು. "ಇಲ್ಲೆ ಎಲ್ಲಾರೂ ನಿಮ್ಮಂಗ ಅದಾರ. ಈಗ ಯಾರಿಗೆ ತೋರಸ್ತೀರಿ?" ಎಂದಳು.

ಈಗ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬಂದಿದೆ. ಬರಿಗಾಲಲ್ಲಿ ನಡೆದರೆ ಕಾಲು ಹೋದೀತು ಎಂದು ಡಾಕ್ಟರು ಗದರಿಸುತ್ತಾರೆ. ಉಳಿಸಿಕೊಟ್ಟವನಿಗೆ ಕೊಟ್ಟ ಮಾತಿಗೇ ಕಾಲು ಕಳೆಯುವುದೇ? ಒಂದು ವಾರ ಯೋಚಿಸಿದೆ. ಕಾಲುಚೀಲ ಚಪ್ಪಲಿಯಲ್ಲ ಎಂದು ತೀರ್ಮಾನಿಸಿ, ದಪ್ಪನೆಯವು ತರಿಸಿದ್ದೇನೆ. ಆ ಕಾಂದಿವಲಿ ಚಾಳಿನ ವಕೀಲರ ಪಂಗಡಕ್ಕೆ ಕೊನೆಗೆ ನಾನೂ ಸೇರಿದೆ. ಹೆಂಡತಿ ದಿನಾ ಬೆಳಿಗ್ಗೆ ಅವನ್ನು ತೊಡಿಸುತ್ತಾ ನಗುತ್ತಾಳೆ. ದೇವರು ಏನೂ ಹೇಳಿಲ್ಲ. ಹನ್ನೆರಡು ಹೆಜ್ಜೆಗೂ ಹೇಳಿರಲಿಲ್ಲ.

ಇವತ್ತು ಎಣಿಸಿ ನೋಡಿದೆ. ಅಂಗಡಿ ಒಂದು. ಹಲಗೆಯ ಮೇಲೆ ಮುನ್ನೂರ ಹನ್ನೆರಡು ಜೊತೆ ಚಪ್ಪಲಿ, ಅದರಲ್ಲಿ ನನ್ನದು ಒಂದೂ ಇಲ್ಲ. ಕಾಲುಚೀಲ ಮೂರು ಜೊತೆ. ಹೆಂಡತಿ ಒಬ್ಬಳು. ಕಾಲು ಎರಡು, ಬೆರಳು ಹತ್ತು, ಉಗುರು ಒಂಬತ್ತು.