ಲೊರೇನ್ ಕೇಳಿದ ತಪಾಸಣೆ

ಅಂಗಡಿಯ ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಗಿರಾಕಿಯನ್ನು ತೂಗಿ ನೋಡುವುದು ನನ್ನ ಕಸುಬು. ಲೊರೇನ್ ಕ್ರೂಪ್ನಿಕ್‌ಳನ್ನು ಹೀಗೆ ತೂಗಿದ್ದೆ: ಎಡ ಮಂಡಿ ರಿಪೇರಿಯಾದದ್ದು, ಮೂಗು ಸ್ವಲ್ಪ ಸೊಟ್ಟ, ಕೋಟು ಅಕ್ಕ ಹಾಕಿ ಬಿಟ್ಟದ್ದು, ದನಿ ಮಾತ್ರ ಮೈದಾನದ ಆ ತುದಿಗೂ ಕೇಳಿಸುವ ಗಟ್ಟಿ ಮಾಲು. ಚೌಕಾಸಿ ಮಾಡುವವಳಲ್ಲ, ಮಾಡಿಸಿಕೊಳ್ಳುವವಳೂ ಅಲ್ಲ.

ಬಾಲ್ಟಿಮೋರಿನ ನಮ್ಮ ಕಡೆ ಹುಡುಗಿಯರು ಓಡಲು ಕಲಿತರೆ ಸಾಕು, ಲ್ಯಾಕ್ರೋಸ್ ಆಟದ ಕೋಲು ಕೇಳುತ್ತಾರೆ. ಚೆಂಡು ಹಿಡಿದು ಎಸೆಯುವ ಆ ಕೋಲಿನ ತುದಿಗೆ ಬಲೆ ಕಟ್ಟಿ ಮಾರುವವನು ನಾನು. ಲೊರೇನ್ ಆಡುವ ಕಾಲದಲ್ಲಿ ರಾಷ್ಟ್ರೀಯ ಚಾಂಪಿಯನ್. ಆಮೇಲೆ ಇಲ್ಲಿನ ಸಣ್ಣ ಕಾಲೇಜೊಂದಕ್ಕೆ ಕೋಚ್ ಆದಳು. ಕೋಚ್ ಆಗಿ ಒಂದು ಕಪ್ ಕೂಡ ತಂದಿರಲಿಲ್ಲ. ಆ ವರ್ಷ ಕಾಲೇಜಿನವರು ಮುಖಕ್ಕೇ ಹೇಳಿದ್ದರು, ಫೈನಲ್ ಗೆದ್ದರೆ ಕೆಲಸ ಉಂಟು, ಸೋತರೆ ಇಲ್ಲ ಎಂದು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಏಡಿ ಬೇಯಿಸುವ ಅಂಗಡಿಯಲ್ಲಿ ಮೀನಿನ ವ್ಯಾಪಾರಿ ಸ್ಟಾನ್ ಅವಳನ್ನು ಛೇಡಿಸುತ್ತಿದ್ದ: "ಚೆನ್ನಾಗಿ ತಿನ್ನಮ್ಮ, ಮುಂದಿನ ವರ್ಷ ಎಲ್ಲಿರ್ತೀಯೋ ಏನೋ."

"ಇಲ್ಲೇ ಇರ್ತೀನಿ, ನಿನ್ನ ತಲೆ ತಿನ್ಕೊಂಡು," ಎಂದು ಅವಳು ಏಡಿ ಒಡೆಯುತ್ತಿದ್ದಳು.

ಅವಳ ತಂಡದಲ್ಲಿ ಗೋಲು ಹೊಡೆಯುವವಳು ನನ್ನ ಮಗಳು ಗ್ರೆಟಾ.

ಹೆಂಗಸರ ಆಟದಲ್ಲಿ ಬಲೆ ಜೋಲಬಾರದು. ಚೆಂಡಿಟ್ಟರೆ ಅದರ ನೆತ್ತಿ ಬಲೆಯ ಚೌಕಟ್ಟಿನ ಅಂಚಿನ ಮೇಲೆ ಕಾಣಬೇಕು. ಜೋಲುವ ಬಲೆಯಿಂದ ಚೆಂಡು ಜಾರುವುದಿಲ್ಲ, ಎಸೆತವೂ ಬಿರುಸು. ಹಾಗಾಗಿ ಕೆಲವು ಹುಡುಗಿಯರು ಆಟದ ನಡುವೆ ದಾರ ಸಡಿಲಿಸುತ್ತಾರೆ. ಅಂಪೈರ್ ಕೋಲು ಕೇಳಿದರೆ ಕೊಡುವ ಮುಂಚೆ ಬೆರಳಿನಲ್ಲೇ ಎಳೆದು ಬಿಗಿ ಮಾಡುತ್ತಾರೆ. ಸಂಶಯ ಬಂದರೆ ಎದುರು ತಂಡದ ಕೋಚ್ ತಪಾಸಣೆ ಕೇಳುವುದುಂಟು. ತನ್ನ ಹುಡುಗಿಯ ಕೋಲನ್ನೇ ತಪಾಸಣೆ ಮಾಡಿ ಎಂದ ಕೋಚನ್ನು ಮಾತ್ರ ನಾನು ಕಂಡಿರಲಿಲ್ಲ.

ಫೈನಲ್ ಸಮಸಮ ಸಾಗಿತ್ತು. ಇನ್ನೇನು ಮುಗಿಯಬೇಕು ಎನ್ನುವಾಗ ಗ್ರೆಟಾ ಮೂವರ ನಡುವೆ ನುಗ್ಗಿ ಗೋಲು ಹೊಡೆದಳು. ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಿದ್ದ ಸ್ಟಾನ್ ನನ್ನನ್ನು ತಬ್ಬಿಕೊಂಡ. ಎದುರು ತಂಡದ ಕೋಚ್ ಟೋಪಿ ತೆಗೆದು ನೆಲಕ್ಕೆ ಬಡಿದ. ಆಗ ಲೊರೇನ್ ಗೆರೆಯ ಹತ್ತಿರ ಹೋಗಿ ಅಂಪೈರಿಗೆ ಹೇಳಿದ್ದು ಮೇಲಿನ ಸಾಲಿಗೂ ಕೇಳಿಸಿತು:

"ಆ ಕೋಲು ನೋಡಿ. ಗ್ರೆಟಾ, ದಾರ ಮುಟ್ಬೇಡ. ಹಾಗೇ ಕೊಡು."

ಸ್ಟಾನ್‌ನ ಕೈ ನನ್ನ ಹೆಗಲ ಮೇಲೇ ಉಳಿಯಿತು. ಅಂಪೈರ್ ಬಲೆಯಲ್ಲಿ ಚೆಂಡಿಟ್ಟಳು. ಚೆಂಡು ಬಾವಿಗೆ ಬಿದ್ದ ಹಾಗೆ ಒಳಗಿಳಿಯಿತು. ಗೋಲು ರದ್ದು. ಹೆಚ್ಚುವರಿ ಆಟದಲ್ಲಿ ಎದುರಿನವರು ಗೆದ್ದರು. ಅವರಿಗೂ ಕುಣಿಯಲು ಮನಸ್ಸು ಬಂದ ಹಾಗೆ ಕಾಣಲಿಲ್ಲ. ಅವರ ಕೋಚ್ ಬಿದ್ದ ಟೋಪಿಯನ್ನು ಎತ್ತಿಕೊಳ್ಳುವುದನ್ನೂ ಮರೆತು ಲೊರೇನ್‌ಳನ್ನೇ ನೋಡುತ್ತಿದ್ದ.

ನಾನು ಮೆಟ್ಟಿಲಿಳಿದು ಹೋದೆ. ಅವಳು ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಅವ್ರೇ ಕೇಳಿರ್ಲಿಲ್ಲ ಕಣಮ್ಮ. ಯಾರೂ ನೋಡಿರ್ಲಿಲ್ಲ."

"ನಾನು ನೋಡಿದ್ನಲ್ಲ, ಆಂಬ್ರೋಸ್."

"ನಿನ್ನ ಕೆಲಸ?"

"ಹೋಗತ್ತೆ. ಆ ಬಾಟ್ಲಿ ಕೊಡು."

ಬಾಟಲಿ ಕೊಟ್ಟೆ. ಬಯ್ಯಬೇಕೆಂದು ಹೋಗಿದ್ದವನು ಉಳಿದ ಬಾಟಲಿಗಳನ್ನೂ ಆರಿಸಿ ಕೊಟ್ಟೆ.

ಕಾಲೇಜಿನವರು ಆಡಿದ ಮಾತು ಉಳಿಸಿಕೊಂಡರು. ಲೊರೇನ್ ಈಗ ಕೊಲ್ಲಿಯ ಆಚೆ ದಡದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಆಟ ಕಲಿಸುತ್ತಾಳೆ.

ಮಗಳು ಅವಳನ್ನು ಶಪಿಸುತ್ತಾಳೆ ಎಂದುಕೊಂಡಿದ್ದೆ. ಆದರೆ ಫೈನಲ್ ಮುಗಿಸಿ ಮನೆಗೆ ಬರುವಾಗ ಕಾರಿನಲ್ಲಿ ಗ್ರೆಟಾ ಕಿಟಕಿಯ ಕಡೆ ಮುಖ ಮಾಡಿ, "ಅಪ್ಪಾ, ನೀನು ಕಟ್ಟಿದ್ದು ಸರಿಯಾಗೇ ಇತ್ತು. ಸಡಿಲ ಮಾಡಿದ್ದು ನಾನು," ಎಂದಳು. ಸ್ವಲ್ಪ ದೂರ ಬಂದ ಮೇಲೆ, "ಇನ್ನೊಂದು ವಿಷ್ಯ. ಚೆನ್ನಾಗಾಯ್ತು ಅಂದಿದ್ನಲ್ಲ, ಆ ರಸಾಯನಶಾಸ್ತ್ರದ ಪರೀಕ್ಷೆಗೆ ನಾನು ಹೋಗೇ ಇಲ್ಲ," ಎಂದಳು.

ಒಂದೇ ದಿನಕ್ಕೆ ಎರಡು ಸಿಡಿಲು. ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಅಲ್ಲಿಯವರೆಗೆ ಅವಳು ನನಗೆ ಹೇಳುತ್ತಿದ್ದುದೆಲ್ಲ ನಾನು ಕೇಳಲು ಇಷ್ಟಪಡುವ ಮಾತು. ನನ್ನ ಮಗಳು ನನ್ನ ಹತ್ತಿರ ನಿಜ ಹೇಳತೊಡಗಿದ್ದು ಲೊರೇನ್ ಕ್ರೂಪ್ನಿಕ್‌ಳಿಂದ. ಅದಕ್ಕಾಗಿ ನಾನು ಅವಳಿಗೆ ಋಣಿ.