ನೆಗೆಣ್ಣಿಯ ಮೂಗು

ಕೂಕಟ್‌ಪಲ್ಲಿಯ ಸುಹಾಸಿನಿ ಐವತ್ತನೆಯ ವಯಸ್ಸಿನಲ್ಲಿ ತನ್ನ ಮೊಂಡು ಮೂಗನ್ನು ಸರಿಮಾಡಿಸಿಕೊಳ್ಳಲು ಗಂಡ ಗುರುರಾಜನ ಜೊತೆ ಇಸ್ತಾಂಬುಲ್‌ಗೆ ಹೋದಳು. ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಅವಳ ಫೋಟೊಕ್ಕೆ ಹೊಸ ಮೂಗು ಜೋಡಿಸಿ ಕಂಪ್ಯೂಟರಿನಲ್ಲಿ ತೋರಿಸಿದರು. ನೋಡಿದವಳೇ ಕುರ್ಚಿಯಿಂದ ಎದ್ದುಬಿಟ್ಟಳು.

“ರೀ, ಇದು ಸಂಪದಾನ ಮೂಗು!”

ಸಂಪದಾ ಅವಳ ನೆಗೆಣ್ಣಿ, ಗುರುರಾಜನ ತಮ್ಮನ ಹೆಂಡತಿ. ಇಬ್ಬರಿಗೂ ಹತ್ತು ವರ್ಷದಿಂದ ಮಾತಿಲ್ಲ.

“ಛಂದ ಅದ ಅಲ್ಲ,” ಎಂದ ಗುರುರಾಜ.

“ದಿನಾ ಮುಂಜಾನೆ ಎದ್ದು ಕನ್ನಡಿಯೊಳಗ ಅಕಿ ಮಾರಿ ನೋಡ್ಲೇನು? ನಡೀರಿ!”

ಡಾಕ್ಟರು ಬೇರೆ ಮೂಗು ತೋರಿಸುತ್ತೇನೆಂದರೂ ಅವಳು ಕೂರಲಿಲ್ಲ. ಉಳಿದ ಐದು ದಿನ ಇಬ್ಬರೂ ದೋಣಿಯಲ್ಲಿ ಸುತ್ತಾಡಿ ಬಂದರು.

ಮರಳಿದ ದಿನ ಎದುರುಮನೆಯ ಬಸಲಿಂಗಮ್ಮ ಅವಳ ಗದ್ದ ಹಿಡಿದು ಆಚೀಚೆ ತಿರುಗಿಸಿ ನೋಡಿದರು.

“ಭಾಳ ಚಲೋ ಮಾಡ್ಯಾರ್ರಿ! ಗಾಯದ ಗುರ್ತ ಸೈತ ಇಲ್ಲ.”

ಸುಹಾಸಿನಿ ಅಲ್ಲಗಳೆಯಲಿಲ್ಲ. ಅವರನ್ನು ಒಳಗೆ ಕರೆದು ಚಹಾಕ್ಕಿಟ್ಟಳು.