ಸೀಟು ಹಿಡಿದ ಅಜ್ಜಿಗೆ ಒಂದು ಪಾಠ ಬಾಕಿ

ಈ ಬೇಸಿಗೆಯ ಒಂದು ಭಾನುವಾರ ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನ ಬಾಗಿಲಲ್ಲಿ ಪೇಡೆ ಡಬ್ಬಿ ಹಿಡಿದುಕೊಂಡು ಒಂದೇ ಸಮ ಸೀನುತ್ತಾ ನಿಂತಿದ್ದೆ.

ಒಳಗೆ ಮೂವತ್ತು ನಲವತ್ತು ಹೆಂಗಸರು ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಾರೆ. ಘಾಟಿಗೆ ಹೆದರಿ ಎಲ್ಲರೂ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದಾರೆ. ಕಣ್ಣುಗಳನ್ನು ಬಿಟ್ಟು ಮುಖದಲ್ಲಿ ಬೇರೇನೂ ಕಾಣುವುದಿಲ್ಲ.

ನಾನು ಹುಡುಕಿಕೊಂಡು ಹೋಗಿದ್ದು ಒಬ್ಬ ಅಜ್ಜಿಯನ್ನು. ಹೆಸರು ಗೊತ್ತಿಲ್ಲ...

ಮೊದಲಿನಿಂದ ಹೇಳುತ್ತೇನೆ.

ನಾನು ರಾಣೇಬೆನ್ನೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಮದುವೆಯಿಂದ ಅರ್ಧಕ್ಕೆ ನಿಂತಿದ್ದ ಸೆಕೆಂಡ್ ಪಿಯುಸಿಯನ್ನು ಮೂವತ್ತೈದನೇ ವಯಸ್ಸಿಗೆ ಪ್ರೈವೇಟಾಗಿ ಕಟ್ಟಿದ್ದೆ.

ಮನೆಯಲ್ಲಿ ರೊಟ್ಟಿ, ಎಮ್ಮೆ, ಮಕ್ಕಳು. ಓದಲು ಸಿಗುತ್ತಿದ್ದದ್ದು ಬೆಳಗಿನ ಬಸ್ಸಿನ ಅರ್ಧ ಗಂಟೆ ಮಾತ್ರ. ದಿನಕ್ಕೆ ನಾಲ್ಕು ಪುಟ ಅಂತ ಮನಸ್ಸಿನಲ್ಲೇ ಹಟ ಹಿಡಿದೆ.

ಆದರೆ ನಮ್ಮ ಕ್ರಾಸಿಗೆ ಬರುವಷ್ಟರಲ್ಲಿ ಬಸ್ಸು ಭರ್ತಿ. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲಂತೂ ಎರಡೂ ಕಾಲು ಊರಲು ಜಾಗ ಸಿಕ್ಕರೆ ಪುಣ್ಯ. ಮೊದಲ ವಾರ ಪುಸ್ತಕ ಬ್ಯಾಗಿನಿಂದ ಹೊರಗೇ ಬರಲಿಲ್ಲ.

ಕುಪ್ಪೇಲೂರಿನಲ್ಲಿ ಹತ್ತಿ ಬರುವ ಅಜ್ಜಿಯೊಬ್ಬಳು ನನ್ನ ಪರದಾಟ ನೋಡಿರಬೇಕು. ಒಂದು ದಿನ ತನ್ನ ಪಕ್ಕದ ಸೀಟಿನ ಮೇಲೆ ರೊಟ್ಟಿ ಗಂಟು ಇಟ್ಟುಕೊಂಡು ಬಂದಳು. ಯಾರಾದರೂ ಜಗಳಕ್ಕೆ ನಿಂತರೆ "ನನ್ನ ಮಗಳು ಬರ್ತಾಳ ಮುಂದಿನ ಸ್ಟಾಪಿಗೆ" ಅನ್ನುವುದು. ನಾನು ಹತ್ತಿದ ಕೂಡಲೇ ಗಂಟು ಆಕೆಯ ತೊಡೆಗೆ, ನಾನು ಸೀಟಿಗೆ.

ಅಲ್ಲಿಂದ ದಿನಾಲೂ ಹಾಗೇ.

ಆದರೆ ಸೀಟಿಗೆ ಒಂದು ಕರಾರು ಇತ್ತು. ಓದಿದ್ದನ್ನು ಆಕೆಗೆ ತಿಳಿಯುವ ಹಾಗೆ ಹೇಳಬೇಕು.

"ನಾ ಸಾಲಿ ಕಟ್ಟೀನೂ ಹತ್ತಿಲ್ಲವಾ. ಹಂಗಂತ ಕಿವಿ ಏನ್ ಕೆಟ್ಟಿಲ್ಲ, ಹೇಳು."

ಅರ್ಥಶಾಸ್ತ್ರ ನನಗೆ ಕಬ್ಬಿಣದ ಕಡಲೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಅಂತ ಓದಿ ಹೇಳಿದರೆ ಅಜ್ಜಿ ಒಪ್ಪಲೇ ಇಲ್ಲ.

"ರೇಟ್ ಏರೇತಿ ಅಂತ ಮಂದಿ ಖಾರ ತಿನ್ನೂದು ಬಿಡ್ತಾರೇನು? ಈ ಪುಸ್ತಕ ಬರದಾಂವ ಸಪ್ಪನ ಸಾರು ಉಣ್ಣಾಂವ ಇರಬೇಕು ತಗಿ."

ಸುತ್ತಲಿನವರೆಲ್ಲ ನಕ್ಕರು. ಮರುದಿನ ಪುಟ ತಿರುವಿದರೆ ಅಜ್ಜಿ ಹೇಳಿದ್ದೇ ಅಲ್ಲಿತ್ತು: ದಿನಾ ಬೇಕಾಗುವ ವಸ್ತುವಿನ ಬೆಲೆ ಏರಿದರೂ ಬೇಡಿಕೆ ಅಷ್ಟಾಗಿ ಇಳಿಯುವುದಿಲ್ಲ. ಓದಿ ಹೇಳಿದೆ.

"ಈಗ ಹಾದಿಗೆ ಬಂದ್ರು ನೋಡು" ಅಂದಳು.

ರಾಣೇಬೆನ್ನೂರಿನಲ್ಲಿ ಇಳಿದು ಆಕೆ ಬ್ಯಾಡಗಿ ಬಸ್ಸು ಹಿಡಿಯುತ್ತಿದ್ದಳು, ತೊಟ್ಟು ಬಿಡಿಸುವ ಕೆಲಸಕ್ಕೆ. ಇಳಿಯುವ ಮುಂಚೆ ತನ್ನ ಜೀರೋ ಟಿಕೆಟನ್ನು ನನ್ನ ಪುಸ್ತಕದಲ್ಲಿ ಇಡುತ್ತಿದ್ದಳು, ಇವತ್ತು ಎಲ್ಲಿಯವರೆಗೆ ಆಯಿತು ಅಂತ ಗುರುತಿಗೆ. ನಾಲ್ಕು ಪುಟಕ್ಕೊಂದು ಟಿಕೆಟ್. ಪುಸ್ತಕ ದಪ್ಪವಾಗುತ್ತಾ ಹೋಯಿತು.

ನಮ್ಮ ಕಡೆ ಯಾರು ಸಿಕ್ಕರೂ ಮೊದಲು ಕೇಳುವುದು "ಯಾರ ಪೈಕಿ?" ಅಂತ. ನಾನು ಅದನ್ನೂ ಕೇಳಲಿಲ್ಲ. ಥ್ಯಾಂಕ್ಸ್ ಅಂತ ಒಂದು ದಿನವೂ ಅನ್ನಲಿಲ್ಲ. ಹತ್ತಿದ ಕೂಡಲೇ ಪುಸ್ತಕ ತೆರೆಯುವ ಅವಸರ ನನಗೆ. ಅಜ್ಜಿ ನಾಳೆಯೂ ಇರುತ್ತಾಳಲ್ಲ ಅನ್ನುವ ಧೈರ್ಯ.

ಶಿವರಾತ್ರಿ ಮುಗಿದ ಮೇಲೆ ಒಂದು ದಿನ ಅಜ್ಜಿ ಬರಲಿಲ್ಲ. ಮರುದಿನವೂ ಇಲ್ಲ.

ಕೊನೆಯ ಪಾಠವನ್ನು ಕಂಬಿ ಹಿಡಿದು ನಿಂತುಕೊಂಡೇ ಓದಿದೆ. ಅದನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಪರೀಕ್ಷೆಯಲ್ಲಿ ಆ ಬೇಡಿಕೆಯ ಪ್ರಶ್ನೆಯೇ ಬಂತು. ಖಾರದ ಪುಡಿಯ ಉದಾಹರಣೆ ಬರೆದೆ. ಪಾಸಾದೆ!

ಮನೆಯಲ್ಲಿ ಖುಷಿಪಟ್ಟರು, ಅಂಗಡಿಯಲ್ಲಿ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ರೊಟ್ಟಿ ಗಂಟಿನ ಪಕ್ಕ ಕೂತು ಇದನ್ನು ಹೇಳಬೇಕಿತ್ತು... ಆಕೆಗೆ ಹೇಳದೆ ಪಾಸಾದ ಹಾಗೇ ಅನ್ನಿಸಲಿಲ್ಲ.

ಊರಲ್ಲಿ ಕೇಳೋಣವೆಂದರೆ ಹೆಸರೇ ಗೊತ್ತಿಲ್ಲ; ಜೊತೆ ಕೆಲಸದವರಿಗಾದರೂ ಗೊತ್ತಿರಬಹುದು ಅಂತ ಪೇಡೆ ತೆಗೆದುಕೊಂಡು ಬ್ಯಾಡಗಿಗೆ ಹೋದೆ. ನಾನು ಸೀನುತ್ತಾ ನಿಂತಿದ್ದು ಹುಡುಕುತ್ತಾ ಹೋದ ಮೂರನೇ ಗೋದಾಮಿನಲ್ಲಿ.

"ಕುಪ್ಪೇಲೂರಿಂದ ಬರೋ ಅಜ್ಜಿ ಇಲ್ಲಿ ಅದಾರೇನ್ರಿ?" ಅಂತ ಕೇಳಿದೆ.

ಒಬ್ಬಾಕೆ ಮುಖದ ಬಟ್ಟೆ ಕೆಳಗೆ ಸರಿಸಿದಳು. "ಫಕ್ಕೀರವ್ವನ್ನ ಕೇಳಾಕತ್ತೀಯೇನು? ನೀ ಆ ಬಸ್ಸಿನಾಗ ಓದೋ ಹುಡುಗಿ ಏನವಾ?"

ಮೂವತ್ತೈದರ ಹುಡುಗಿ ಹೌದು ಅಂತ ತಲೆಯಾಡಿಸಿದೆ. ಅಷ್ಟೂ ಕಣ್ಣುಗಳು ನನ್ನ ಕಡೆ ತಿರುಗಿದವು.

ನಾನು ಹೇಳಿದ ಪಾಠವನ್ನು ಅಜ್ಜಿ ದಿನಾಲೂ ಇಲ್ಲಿ ಬಂದು ಇವರಿಗೆ ಹೇಳುತ್ತಿದ್ದಳಂತೆ. ತೊಟ್ಟು ಬಿಡಿಸುತ್ತಾ ಬೇಡಿಕೆ, ಪೂರೈಕೆ, ಬ್ಯಾಂಕು... ಎಲ್ಲವನ್ನೂ. ಸಪ್ಪನ ಸಾರಿನ ಕತೆ ಎಲ್ಲರಿಗೂ ಬಾಯಿಪಾಠ.

"ಘಾಟಿಗೆ ಕಣ್ಣಿಗೆ ಭಾಳ ತ್ರಾಸ ಆತವಾ ಆಕಿಗೆ. ಹೊಸರಿತ್ತಿ ಕಡೆ ಕೊಟ್ಟ ಮಗಳು ಬಂದು ಕರ್ಕೊಂಡು ಹೋದ್ಲು. ಯಾವ ಊರಂತ ನಮಗೂ ಸರಿಯಾಗಿ ಗೊತ್ತಿಲ್ಲ, ಆಕಿ ಹಂತ್ಯಾಕ ಫೋನ್ ಗೀನ್ ಏನಿಲ್ಲ" ಅಂದಳು ಆ ಹೆಂಗಸು. ಆಮೇಲೆ "ನಮ್ದು ಬ್ಯಾಂಕಿನ ಪಾಠಕ್ಕ ನಿಂತೈತಿ ನೋಡು. ಮುಂದ ಏನೈತಿ ಅದರಾಗ?" ಅಂತ ಕೇಳಿದಳು.

ಪೇಡೆ ಹಂಚಿ ಅವರ ನಡುವೆ ಕುಳಿತೆ. ಕೊನೆಯ ಪಾಠ ದೇಶ ದೇಶಗಳ ನಡುವಿನ ವ್ಯಾಪಾರದ್ದು. ಈ ಮೆಣಸಿನಕಾಯಿ ಕೂಡ ಹಡಗು ಹತ್ತಿ ಹೋಗುತ್ತದೆ ಅಂತ ಹೇಳಿದೆ. ಒಂದೊಂದು ಮಾತಿಗೂ ನಡುವೆ ನಿಲ್ಲುತ್ತಿದ್ದೆ, ಅಜ್ಜಿ ಇದ್ದಿದ್ದರೆ ಈಗ ಏನನ್ನುತ್ತಿದ್ದಳು ಅಂತ.

ಕಣ್ಣಲ್ಲಿ ನೀರು ಬಂತು. ಘಾಟು ಅಂತ ಹೇಳಿ ಒರೆಸಿಕೊಂಡೆ.

ಈಗ ಬಿ.ಎ.ಗೆ ಕಟ್ಟಿದ್ದೇನೆ. ಅದೇ ಬಸ್ಸು, ದಿನಕ್ಕೆ ಅದೇ ನಾಲ್ಕು ಪುಟ. ಹೊಸ ಪುಸ್ತಕದಲ್ಲಿ ನನ್ನ ಟಿಕೆಟ್‌ಗಳು ಮಾತ್ರ ಇವೆ.

ಹೊಸರಿತ್ತಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ... ಫಕ್ಕೀರವ್ವಜ್ಜಿ ಕಂಡರೆ, "ನಿಮ್ಮ ಬಸ್ಸಿನ ಮಗಳು ಪಾಸಾದಳು, ಒಂದು ಪಾಠ ಹೇಳುವುದು ಬಾಕಿ ಐತಂತೆ, ಯಾವಾಗ ಬರಲಿ ಅಂತ ಕೇಳ್ಯಾಳ" ಅಂತ ಹೇಳ್ತೀರಾ?